‘ನವರ’ ಎಂಬ ಅಡ್ಡಹೆಸರಿನ ವಿಚಾರ

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಅಗಸೆಯ ಕಟ್ಟೆಯ ಮೇಲೆ ಕುಳಿತ ಹಿರಿಯನು ಗುರುತಿಲ್ಲದ ಹುಡುಗನೊಬ್ಬನನ್ನು ಕಂಡರೆ ಮೊದಲು ಕೇಳುವುದು ಅವನ ಹೆಸರನ್ನಲ್ಲ. “ಯಾರ ಪೈಕಿಯಪ್ಪಾ ನೀನು?” ಎಂದೇ ಅವನ ಮೊದಲ ಪ್ರಶ್ನೆ. ಹುಡುಗನು “ಶಿವಣ್ಣನವರ ಪೈಕಿರೀ” ಎಂದರೆ ಹಿರಿಯನಿಗೆ ಅಷ್ಟೇ ಸಾಕು. ಮನೆ ತಿಳಿಯಿತು, ಹೊಲ ತಿಳಿಯಿತು, ಹುಡುಗನ ಅಜ್ಜನ ಮುಖವೂ ಕಣ್ಣ ಮುಂದೆ ಬಂದಿತು. ಹುಡುಗನ ಸ್ವಂತ ಹೆಸರು ಆಮೇಲಿನ ಮಾತು. ಪ್ರಶ್ನೆಯು ಷಷ್ಠೀ ವಿಭಕ್ತಿಯಲ್ಲಿದ್ದುದರಿಂದ ಉತ್ತರವೂ ಷಷ್ಠಿಯಲ್ಲಿಯೇ ಬಂದಿತು. ಧಾರವಾಡ, ಹಾವೇರಿ, ಗದಗ, ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಹೆಜ್ಜೆಹೆಜ್ಜೆಗೂ ಎದುರಾಗುವ ಶಿವಣ್ಣನವರ, ಕಾಶಪ್ಪನವರ, ತಮ್ಮಣ್ಣವರ ಮುಂತಾದ ಅಡ್ಡಹೆಸರುಗಳೆಲ್ಲ ಈ ಒಂದು ಪ್ರಶ್ನೆಗೆ ತಲೆಮಾರುಗಳಿಂದ ಕೊಟ್ಟ ಉತ್ತರಗಳೇ ಆಗಿವೆ. ಕೇಳಿದವನು ಹೋದನು, ಕಟ್ಟೆಯೂ ಬರಿದಾಯಿತು. ಉತ್ತರ ಮಾತ್ರ ಹೆಸರಾಗಿ ಉಳಿಯಿತು.

ಇಷ್ಟು ಸಾಮಾನ್ಯವಾದ ಈ ಹೆಸರಿನ ವಿಷಯದಲ್ಲಿ ಸುಶಿಕ್ಷಿತರ ಮನೆಗಳಲ್ಲಿಯೂ ಹಲವು ತಪ್ಪು ತಿಳಿವಳಿಕೆಗಳು ಬೇರೂರಿವೆ. ‘ನವರ’ ಎಂಬುದು ಕೇವಲ ಗೌರವಸೂಚಕವೆಂದು ಕೆಲವರು ಹೇಳುವರು. ಅದು ಇಂಥದೇ ಜಾತಿಯ ಗುರುತೆಂದು ಮತ್ತೆ ಕೆಲವರು ಎಣಿಸುವರು. ಒಂದೇ ಅಡ್ಡಹೆಸರಿನವರೆಲ್ಲ ಒಬ್ಬನೇ ಮೂಲಪುರುಷನ ಸಂತಾನವೆಂದು ವಂಶಾವಳಿಗಳನ್ನು ಅಚ್ಚು ಹಾಕಿಸುವವರೂ ಉಂಟು. ಈ ಮೂರು ಅಭಿಪ್ರಾಯಗಳನ್ನೂ ಒರೆಗೆ ಹಚ್ಚಿ ನೋಡುವುದು ಅವಶ್ಯವಾಗಿದೆ. ಏಕೆಂದರೆ ಹೆಸರಿನ ಅರ್ಥವನ್ನು ಮರೆತವರು ಅದರ ಅಕ್ಷರವನ್ನೂ ಬಹುಬೇಗ ಕಳೆದುಕೊಳ್ಳುವರು. ಆ ನಷ್ಟವು ಈಗಾಗಲೇ ಆರಂಭವಾಗಿದೆ.

೧

ಮೊದಲು ವ್ಯಾಕರಣವನ್ನು ನೋಡೋಣವಾಗಲಿ. ‘ಶಿವಣ್ಣನವರ’ ಎಂಬುದನ್ನು ಎರಡು ರೀತಿಯಲ್ಲಿ ಬಿಡಿಸಬಹುದು. ‘ಶಿವಣ್ಣನವರು’ ಎಂದರೆ ಪೂಜ್ಯನಾದ ಶಿವಣ್ಣನೇ ಎಂದು ತಿಳಿದು, ಅದಕ್ಕೆ ಷಷ್ಠಿಯ ಅಕಾರ ಸೇರಿದೆಯೆಂದು ಹೇಳುವುದು ಒಂದು ರೀತಿ. ‘ಶಿವಣ್ಣನ’ ಎಂಬ ಷಷ್ಠಿಯ ಮೇಲೆ ‘ಅವರು’ ಎಂಬ ಬಹುವಚನ ಸೇರಿ, ‘ಶಿವಣ್ಣನಿಗೆ ಸೇರಿದ ಜನರು’ ಎಂಬ ಅರ್ಥವಾಗಿ, ಆ ಜನರ ಮನೆ, ಆ ಜನರ ಹುಡುಗ ಎಂಬರ್ಥದಲ್ಲಿ ಮತ್ತೊಂದು ಷಷ್ಠಿ ಬಂದಿದೆಯೆಂದು ಹೇಳುವುದು ಇನ್ನೊಂದು ರೀತಿ. ಮೊದಲನೆಯದರಲ್ಲಿ ಬಹುವಚನವು ಹಿರಿಯನ ಗೌರವಕ್ಕೆ. ಎರಡನೆಯದರಲ್ಲಿ ಅದು ಸಂತಾನದ ಸಂಖ್ಯೆಗೆ.

ಗೌರವದ ಅರ್ಥವನ್ನು ಪೂರ್ತಿಯಾಗಿ ತಳ್ಳಿಹಾಕುವಂತಿಲ್ಲ. ಕನ್ನಡದಲ್ಲಿ ಮರ್ಯಾದೆಗೂ ಬಹುತ್ವಕ್ಕೂ ಒಂದೇ ರೂಪವಾದುದರಿಂದ ಎರಡೂ ಭಾವಗಳು ಒಂದರೊಳಗೊಂದು ಬೆರೆತಿರುವುದು ಸಹಜ. ಆದರೂ ಮೂಲದಲ್ಲಿ ಪ್ರಧಾನವಾದುದು ಎರಡನೆಯ ಅರ್ಥವೇ ಎಂದು ತೋರಲು ಕಾರಣಗಳಿವೆ. ಊರವರು, ಮನೆಯವರು, ಹಳ್ಳಿಯವರು ಎಂಬ ಮಾತುಗಳಲ್ಲಿ ಊರಿಗಾಗಲಿ ಮನೆಗಾಗಲಿ ಗೌರವ ಸಲ್ಲಿಸಿದ್ದಿಲ್ಲ. ಅಲ್ಲಿಗೆ ಸೇರಿದ ಜನರನ್ನು ಹೇಳಿದ್ದುಂಟು. ಅದೇ ಸೀಮೆಯ ಬಡಿಗೇರ, ಗಾಣಿಗೇರ ಎಂಬ ಅಡ್ಡಹೆಸರುಗಳನ್ನು ನೋಡಿದರೆ ಸಂದೇಹವು ಇನ್ನಷ್ಟು ಪರಿಹಾರವಾಗುವುದು. ಬಡಿಗರ ಮನೆಯವನು ಬಡಿಗೇರ, ಗಾಣಿಗರ ಮನೆಯವನು ಗಾಣಿಗೇರ. ಇವು ಬಹುವಚನದ ಮೇಲೆ ಷಷ್ಠಿ ಬಂದ ರೂಪಗಳೇ ಹೊರತು ಇವುಗಳಲ್ಲಿ ಮರ್ಯಾದೆಯ ಸೂಚನೆಯಿಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಒಬ್ಬನು ಅಂಬಿಗರ ಚೌಡಯ್ಯನೆಂದು ಕರೆಯಿಸಿಕೊಂಡನು. ಅಲ್ಲಿಯ ‘ಅಂಬಿಗರ’ ಎಂಬುದೂ, ಇಲ್ಲಿಯ ‘ಶಿವಣ್ಣನವರ’ ಎಂಬುದೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದವು. ಭೇದವಿಷ್ಟೇ: ಅಲ್ಲಿ ಕಸಬು ಮನೆಯನ್ನು ಗುರುತಿಸಿತು, ಇಲ್ಲಿ ಹಿರಿಯನೊಬ್ಬನ ಹೆಸರು ಗುರುತಿಸಿತು.

ಈ ಪ್ರತ್ಯಯವು ಬಾಯಿಂದ ಬಾಯಿಗೆ ಹೋಗುವಾಗ ಸವೆದು ಬೇರೆ ಬೇರೆ ರೂಪಗಳನ್ನು ತಳೆದಿದೆ. ಅಪ್ಪ ಎಂದು ಮುಗಿಯುವ ಹೆಸರುಗಳಲ್ಲಿ ‘ಅಪ್ಪನವರ’ ಎಂದು ಪೂರ್ಣವಾಗಿಯೇ ಉಳಿದರೆ, ಅಣ್ಣ ಎಂದು ಮುಗಿಯುವವುಗಳಲ್ಲಿ ಅನೇಕವೇಳೆ ನಡುವಿನ ನಕಾರವು ಕರಗಿ ತಮ್ಮಣ್ಣವರ, ದೊಡ್ಡಣ್ಣವರ ಎಂದಾಗುವುದು. ಗೌಡ ಎಂದು ಮುಗಿಯುವವು ‘ಗೌಡರ’ ಎಂದಾಗಿ, ಮತ್ತೂ ಕುಗ್ಗಿ ‘ಗೌಡ್ರ’ ಎಂದು ನಿಲ್ಲುವುವು. ಅವ್ವ, ಅಮ್ಮ ಎಂದು ಮುಗಿಯುವ ಹೆಣ್ಣು ಹೆಸರುಗಳ ಮೇಲೆಯೂ ಇದೇ ಪ್ರತ್ಯಯ ಸೇರಿ ಚನ್ನಮ್ಮನವರ, ಗಂಗಮ್ಮನವರ ಎಂಬಂಥ ಹೆಸರುಗಳು ಹುಟ್ಟಿವೆ. ಇವುಗಳಲ್ಲಿ ಕೆಲವು ಊರ ದೇವತೆಯ ಹೆಸರಿನಿಂದ ಬಂದಿರಬಹುದಾದುದರಿಂದ ಎಲ್ಲವನ್ನೂ ತಾಯಿಯ ಕಡೆಯ ಹೆಸರುಗಳೆಂದು ಹೇಳುವುದು ಅವಸರದ ಮಾತಾದೀತು. ಆದರೆ ಗಂಡ ಸತ್ತ ಮೇಲೆ ಮಕ್ಕಳನ್ನು ಸಾಕಿ, ಹೊಲ ಉಳಿಸಿ, ಮನೆ ನಿಲ್ಲಿಸಿದ ಹೆಣ್ಣುಮಗಳ ಹೆಸರಿನಿಂದ ಮನೆಯನ್ನು ಗುರುತಿಸುವುದು ಹಳ್ಳಿಗಳಲ್ಲಿ ಅಪರೂಪವಲ್ಲ. ವ್ಯಾಕರಣವು ತಂದೆಗೊಂದು, ತಾಯಿಗೊಂದು ಎಂದು ಪ್ರತ್ಯಯವನ್ನು ಬೇರ್ಪಡಿಸಲಿಲ್ಲ ಎಂಬುದು ಗಮನಿಸತಕ್ಕ ಸಂಗತಿ.

೨

ಎರಡನೆಯ ಅಭಿಪ್ರಾಯವು ಜಾತಿಯ ವಿಷಯ. ಪಾಟೀಲ, ದೇಸಾಯಿ, ಕುಲಕರ್ಣಿ, ತಳವಾರ, ವಾಲೀಕಾರ ಇವು ಊರಿನ ಅಧಿಕಾರ ಅಥವಾ ಚಾಕರಿಯಿಂದ ಬಂದ ಹೆಸರುಗಳು. ಶಾಸನಗಳ ಗಾಮುಂಡನು ಗಾವುಂಡನಾಗಿ ಗೌಡನಾದನು. ಇಂಥ ಕೆಲಸಗಳು ಬಹುಮಟ್ಟಿಗೆ ವಂಶಪಾರಂಪರ್ಯವಾಗಿ ಒಂದೊಂದು ಸಮುದಾಯದ ಕೈಯಲ್ಲಿದ್ದುದರಿಂದ ಆ ಹೆಸರುಗಳಿಂದ ಜಾತಿಯನ್ನು ಊಹಿಸುವ ಚಟ ಜನರಿಗೆ ಹತ್ತಿತು. ಪಾಟೀಲನೆಂಬ ಹೆಸರು ಹಲವು ಜಾತಿಗಳಲ್ಲಿಯೂ ಮುಸಲ್ಮಾನರಲ್ಲಿಯೂ ಇರುವುದರಿಂದ ಅಲ್ಲಿಯೂ ಊಹೆಯು ಅನೇಕವೇಳೆ ಸುಳ್ಳಾಗುವುದು. ‘ನವರ’ದ ವಿಷಯದಲ್ಲಂತೂ ಅದಕ್ಕೆ ಆಧಾರವೇ ಇಲ್ಲ. ಹೆಸರುಳ್ಳ ಹಿರಿಯನು ಎಲ್ಲ ಕೇರಿಗಳಲ್ಲಿಯೂ ಇದ್ದನು. ಆದುದರಿಂದ ಲಿಂಗಾಯತರಲ್ಲಿ, ಜೈನರಲ್ಲಿ, ಕುರುಬರಲ್ಲಿ, ದಲಿತರಲ್ಲಿ, ಎಲ್ಲರಲ್ಲಿಯೂ ಈ ಪ್ರತ್ಯಯ ಕಾಣುವುದು. ಅಧಿಕಾರದ ಹೆಸರುಗಳನ್ನು ಪಡೆಯಲು ವತನ ಬೇಕಾಗಿತ್ತು. ‘ನವರ’ ಎನಿಸಿಕೊಳ್ಳಲು ನೆರೆಯವರ ನೆನಪಿನಲ್ಲಿ ಉಳಿದ ಒಬ್ಬ ಅಜ್ಜನಿದ್ದರೆ ಸಾಕಾಗಿತ್ತು. ಕನ್ನಡದ ಅಡ್ಡಹೆಸರುಗಳಲ್ಲಿ ಇಷ್ಟು ಸಮದರ್ಶಿಯಾದುದು ಇನ್ನೊಂದಿಲ್ಲ.

ಮೂರನೆಯ ಅಭಿಪ್ರಾಯವು ಹೆಚ್ಚು ಮೋಹಕವಾದುದು, ಆದುದರಿಂದಲೇ ಹೆಚ್ಚು ಅಪಾಯಕರವಾದುದು. ಮನೆತನದ ಚರಿತ್ರೆಗಳನ್ನು ಬರೆಯಿಸುವ ಉತ್ಸಾಹಿಗಳು ತಮ್ಮ ಅಡ್ಡಹೆಸರು ಹತ್ತು ಊರುಗಳಲ್ಲಿ ಕಂಡೊಡನೆ ಆ ಹತ್ತೂ ಮನೆಗಳಿಗೆ ಒಬ್ಬ ಮೂಲಪುರುಷನನ್ನು ಕಲ್ಪಿಸಿ, ಬರವೋ ದಂಗೆಯೋ ಬಂದು ಅವನ ಮಕ್ಕಳು ದಿಕ್ಕಾಪಾಲಾದರೆಂದು ಕಥೆ ಹೆಣೆಯುವರು. ಈ ಬರವಣಿಗೆಯ ದೋಷವು ಭಕ್ತಿಯಲ್ಲಿಲ್ಲ, ತರ್ಕದಲ್ಲಿದೆ. ಬಸಪ್ಪ, ಮಲ್ಲಪ್ಪ, ಶಿವಣ್ಣ ಎಂಬ ಹೆಸರಿನ ಹಿರಿಯನಿಲ್ಲದ ಊರು ಆ ಸೀಮೆಯಲ್ಲಿ ಯಾವುದಿದೆ? ಪ್ರತಿಯೊಂದು ಊರಿನಲ್ಲಿಯೂ ಒಬ್ಬ ಶಿವಣ್ಣನು ಬಾಳಿ, ಅವನ ಮೊಮ್ಮಕ್ಕಳು ಆ ಊರಿನವರಿಗೆ ಶಿವಣ್ಣನವರೇ ಆದರು. ಈ ಹೆಸರು ಆಲದ ಮರದಂತೆ ಒಂದು ಬುಡದಿಂದ ಬಿಳಲು ಬಿಟ್ಟು ಹಬ್ಬಿದುದಲ್ಲ; ಮೊದಲ ಮಳೆ ಬಿದ್ದೊಡನೆ ಎಲ್ಲ ಹೊಲಗಳಲ್ಲಿಯೂ ಒಮ್ಮೆಗೇ ಏಳುವ ಹುಲ್ಲಿನಂತೆ ತಾನು ತಾನಾಗಿ ಅಲ್ಲಲ್ಲಿ ಹುಟ್ಟಿದುದು. ಹೆಸರು ಒಂದೇ ಎಂಬುದು ರಕ್ತ ಒಂದೇ ಎಂಬುದಕ್ಕೆ ಸಾಕ್ಷಿಯಲ್ಲ. ಇದನ್ನು ಹಳ್ಳಿಯ ಹಿರಿಯರು ಚೆನ್ನಾಗಿ ಬಲ್ಲರು. ಸಂಬಂಧ ಕೂಡಿಸುವಾಗ ಅವರು ಅಡ್ಡಹೆಸರನ್ನು ಕೇಳಿ ತೃಪ್ತರಾಗುವುದಿಲ್ಲ. ಬೆಡಗು ಯಾವುದೆಂದು ವಿಚಾರಿಸುವರು. ಅಕ್ಷರ ಬಾರದ ಅಜ್ಜಿಗೆ ತಿಳಿದ ಈ ಭೇದವು ವಂಶಾವಳಿಯನ್ನು ಅಚ್ಚು ಹಾಕಿಸುವ ಪದವೀಧರನಿಗೆ ತಿಳಿಯದೆ ಹೋಗುವುದು ವಿಪರ್ಯಾಸವಲ್ಲವೇ?

ಬೇರೆ ದೇಶಗಳಲ್ಲಿಯೂ ಇದೇ ಮಾತು ಕಂಡುಬರುವುದು. ಬ್ರಿಟನ್ನಿನ ವೇಲ್ಸ್ ಸೀಮೆಯಲ್ಲಿ ಜೋನ್ಸ್, ವಿಲಿಯಮ್ಸ್ ಎಂಬ ಅಡ್ಡಹೆಸರಿನವರು ಎಣಿಸಲಾರದಷ್ಟು ಮಂದಿ. ಅವರೆಲ್ಲ ದಾಯಾದಿಗಳಲ್ಲ, ಊರಿಗೊಬ್ಬ ಜಾನನೂ ಊರಿಗೊಬ್ಬ ವಿಲಿಯಮನೂ ಇದ್ದನೆಂಬುದಷ್ಟೇ ಅದರ ಕಾರಣ. ಆ ಹೆಸರುಗಳ ಕೊನೆಯ ಸಕಾರವು ಇಂಗ್ಲಿಷಿನ ಷಷ್ಠಿಯ ಗುರುತೇ ಆಗಿರುವುದು ಇನ್ನೂ ಸ್ವಾರಸ್ಯಕರ. ರಷ್ಯದ ಇವಾನೊವ್ ಎಂಬ ಹೆಸರಿಗೂ ‘ಇವಾನನವನು’ ಎಂದೇ ಅರ್ಥ. ಅಷ್ಟು ದೂರ ಹೋಗಬೇಕಾದುದೂ ಇಲ್ಲ. ಕೊಡಗಿನಲ್ಲಿ ಅಂಡ, ಇರ ಎಂದು ಮುಗಿಯುವ ಒಕ್ಕದ ಹೆಸರುಗಳು ‘ಇಂಥವರ ಮನೆಯವನು’ ಎಂಬ ಭಾವವನ್ನೇ ಹೇಳುತ್ತವೆ. ಕವಿ ಹರದಾಸ ಅಪ್ಪಚ್ಚನು ಅಪ್ಪನೆರವಂಡ ಒಕ್ಕದವನು. ಹಾಡುಗಳನ್ನು ಸಂಗ್ರಹಿಸಿ ‘ಪಟ್ಟೋಲೆ ಪಳಮೆ’ಯನ್ನು 1924ರಲ್ಲಿ ಪ್ರಕಟಿಸಿದ ಚಿಣ್ಣಪ್ಪನು ನಡಿಕೇರಿಯಂಡ ಒಕ್ಕದವನು. ಆದರೆ ಅಲ್ಲಿ ಒಕ್ಕಕ್ಕೆ ಐನ್‌ಮನೆಯುಂಟು, ಮೂಲಪುರುಷನ ಪೂಜೆಯುಂಟು; 1997ರಿಂದ ಒಕ್ಕಗಳ ಹೆಸರಿನಲ್ಲಿಯೇ ಹಾಕಿ ಪಂದ್ಯಾವಳಿಯೂ ನಡೆದುಬಂದಿದೆ. ಹೆಸರಿನ ಹಿಂದೆ ಕೂಡಿ ಬಾಳುವ ಸಂಸ್ಥೆಯೊಂದು ನಿಂತಿರುವುದರಿಂದ ಅಲ್ಲಿ ಹೆಸರು ಬಹುಮಟ್ಟಿಗೆ ವಂಶಕ್ಕೆ ಸಾಕ್ಷಿಯಾಗಬಲ್ಲುದು. ‘ನವರ’ಕ್ಕೆ ಅಂಥ ಸಂಸ್ಥೆಯ ಆಸರೆಯಿಲ್ಲ, ಅದರ ಆಸರೆ ಊರಿನ ನೆನಪು ಮಾತ್ರ. ಊರು ದಾಟಿದೊಡನೆ ಆ ಸಾಕ್ಷಿಯ ಬಲ ಮುಗಿಯಿತು.

೩

ಹಾಗಾದರೆ ಬಾಯಿಮಾತಿನ ಈ ಗುರುತು ಅಡ್ಡಹೆಸರಾಗಿ ಗಟ್ಟಿಯಾದುದು ಹೇಗೆ? ಇಲ್ಲಿ ಎರಡು ಕಾರಣಗಳು ಕೂಡಿ ಕೆಲಸ ಮಾಡಿದಂತೆ ತೋರುತ್ತದೆ. ಒಂದು ಮನೆಯೊಳಗಿನದು, ಇನ್ನೊಂದು ಕಚೇರಿಯದು.

ಮನೆಯೊಳಗಿನ ಕಾರಣ ಇದು: ಉತ್ತರ ಕರ್ನಾಟಕದಲ್ಲಿ ಹಿರಿಯ ಮೊಮ್ಮಗನಿಗೆ ಅಜ್ಜನ ಹೆಸರಿಡುವ ರೂಢಿ ಬಲವಾದುದು. ಸಂಗಪ್ಪನ ಮಗ ಬಸಪ್ಪ, ಬಸಪ್ಪನ ಮಗ ಸಂಗಪ್ಪ, ಆ ಸಂಗಪ್ಪನ ಮಗ ಮತ್ತೆ ಬಸಪ್ಪ. ಹೀಗಾದಾಗ ‘ಬಸಪ್ಪ, ತಂದೆ ಸಂಗಪ್ಪ’ ಎಂದರೆ ಯಾವ ತಲೆಮಾರಿನವನೆಂದು ತಿಳಿಯದು. ಅದೇ ಊರಿನಲ್ಲಿ ಅದೇ ಜೋಡಿ ಹೆಸರಿನ ಇನ್ನೆರಡು ಮನೆಗಳಿದ್ದರಂತೂ ಗೊಂದಲಕ್ಕೆ ಮಿತಿಯಿಲ್ಲ. ಆದುದರಿಂದ ತಂದೆಮಕ್ಕಳ ಈ ಚಕ್ರದಿಂದ ಹೊರಗೆ ನಿಂತ ಒಬ್ಬ ಹಿರಿಯನ ಹೆಸರನ್ನು ಮನೆಗೆ ಕಟ್ಟಬೇಕಾಯಿತು. ಪಿತೃನಾಮವು ತಲೆಮಾರಿಗೊಮ್ಮೆ ಬದಲಾಗುವುದನ್ನು ಬಿಟ್ಟು ಒಬ್ಬನಲ್ಲಿ ನೆಲೆಗೊಂಡಾಗ ಅಡ್ಡಹೆಸರು ಹುಟ್ಟುವುದು.

ಕಚೇರಿಯ ಕಾರಣವನ್ನು ತಿಳಿಯಬೇಕಾದರೆ ಎರಡು ಸರಕಾರಗಳ ಗಡಿಯನ್ನು ನೋಡಬೇಕು. 1818ರಲ್ಲಿ ಪೇಶ್ವೆಯ ಆಳಿಕೆ ಮುಗಿದಾಗ ಧಾರವಾಡದ ಸೀಮೆ ಇಂಗ್ಲಿಷರ ಕೈಸೇರಿ ಮುಂಬಯಿ ಇಲಾಖೆಗೆ ಹೋಯಿತು. 1840ರ ದಶಕದಿಂದ ಹೊಲಗಳ ಮೋಜಣಿ ನಡೆದು, 1903ರ ಕಾನೂನಿನಿಂದ ಭೂಮಿಯ ಹಕ್ಕುದಾಖಲೆಗಳು ಏರ್ಪಟ್ಟವು. ಮರಾಠಿಯ ಪದ್ಧತಿಯನ್ನು ಅನುಸರಿಸಿ ಆ ಇಲಾಖೆಯ ಕಾಗದಗಳಲ್ಲಿ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಮೂರು ಪದಗಳ ಕ್ರಮ ರೂಢವಾಯಿತು. ಮೂರನೆಯ ಮನೆಯನ್ನು ತುಂಬಬೇಕೆಂದಾಗ ವತನವಿದ್ದವನು ಪಾಟೀಲನೆಂದನು, ಕಸಬುಳ್ಳವನು ಬಡಿಗೇರನೆಂದನು, ವಲಸೆ ಬಂದವನು ತನ್ನ ಊರನ್ನು ಹೇಳಿದನು. ಇವಾವುವೂ ಇಲ್ಲದ ಒಕ್ಕಲಿಗನು ಕಟ್ಟೆಯ ಮೇಲೆ ಕೊಡುತ್ತಿದ್ದ ಉತ್ತರವನ್ನೇ ಕಚೇರಿಯಲ್ಲಿಯೂ ಕೊಟ್ಟನು. ಗುಮಾಸ್ತನು ಬರೆದುಕೊಂಡನು. ಶಾಲೆಯ ಹಾಜರಿ ಪುಸ್ತಕವು ಅದನ್ನೇ ನಕಲು ಮಾಡಿತು. ಅಲ್ಲಿಂದ ಮುಂದೆ ಆ ಹೆಸರು ಕದಲಲಿಲ್ಲ. ಕಚೇರಿಯು ಹೆಸರನ್ನು ಹುಟ್ಟಿಸಲಿಲ್ಲ, ಹರಿಯುತ್ತಿದ್ದುದನ್ನು ಹೆಪ್ಪುಗಟ್ಟಿಸಿತು.

ಹುನಗುಂದ, ಇಳಕಲ್ಲುಗಳನ್ನು ದಾಟಿ ಮುದಗಲ್ಲಿನ ಕಡೆಗೆ ಬಂದರೆ ಸ್ಥಿತಿ ಬೇರೆಯಾಗುವುದು. ಹುನಗುಂದದ ರಾಜಕಾರಣದಲ್ಲಿ ಹೆಸರಾದ ಕಾಶಪ್ಪನವರ ಮನೆತನದಂಥವು ಆ ಕಡೆ ಹಲವು. ಈಚೆಯ ಲಿಂಗಸುಗೂರು, ಸಿಂಧನೂರು, ಮಸ್ಕಿ ಸೀಮೆಗಳಲ್ಲಿ ‘ನವರ’ವು ಅಷ್ಟು ದಟ್ಟವಾಗಿ ಕಾಣದು. ಭಾಷೆ ಒಂದೇ, ಜನ ಒಂದೇ, ಕಟ್ಟೆಯ ಮೇಲಿನ ಪ್ರಶ್ನೆಯೂ ಒಂದೇ. ಬೇರೆಯಾದುದು ಸರಕಾರ. ಇದು ಮೊಗಲಾಯಿ, 1853ರಿಂದ 1860ರವರೆಗಿನ ಅಲ್ಪಕಾಲವನ್ನು ಬಿಟ್ಟರೆ 1948ರವರೆಗೂ ನಿಜಾಮನ ಆಳಿಕೆಯಲ್ಲಿದ್ದ ನಾಡು. ಇಲ್ಲಿಯ ಉರ್ದು ದಫ್ತರಗಳಲ್ಲಿ ಮನುಷ್ಯನನ್ನು ಗುರುತಿಸುತ್ತಿದ್ದುದು ‘ಬಸಪ್ಪ ವಲ್ದ್ ಸಂಗಪ್ಪ’ ಎಂದು. ಮೈಸೂರು ಸೀಮೆಯ ‘ಬಿನ್’ ಎಂಬುದೂ ಇದರ ಒಡಹುಟ್ಟೇ. ವಲ್ದ್ ಎಂಬುದಕ್ಕೆ ಬದಲಾಗಿ ಇಂದು ‘ತಂದೆ’ ಎಂದು ಬರೆಯುತ್ತಾರೆ; ಕ್ರಮ ಮಾತ್ರ ಅದೇ. ಈ ಪದ್ಧತಿಯಲ್ಲಿ ಪಿತೃನಾಮವು ಎಂದೂ ಹೆಪ್ಪುಗಟ್ಟುವುದಿಲ್ಲ. ಪ್ರತಿಯೊಬ್ಬ ಮಗನೊಡನೆಯೂ ಹೊಸದಾಗುವುದು. ಐಸ್‌ಲೆಂಡ್ ದೇಶದಲ್ಲಿ ಇಂದಿಗೂ ಹೀಗೆಯೇ ಇದ್ದು, ಹೊಸ ಕುಲನಾಮಗಳನ್ನು ತಾಳುವುದನ್ನು 1925ರ ಕಾನೂನು ನಿಷೇಧಿಸಿತು. ಅದಕ್ಕೆ ವಿರುದ್ಧವಾಗಿ ತುರ್ಕಿಯಲ್ಲಿ 1934ರ ಕಾನೂನಿನಿಂದ ಪ್ರತಿಯೊಬ್ಬನೂ ಒಂದು ಅಡ್ಡಹೆಸರನ್ನು ಇಟ್ಟುಕೊಳ್ಳಲೇಬೇಕಾಯಿತು. ಸರಕಾರವು ಯಾವ ಪ್ರಶ್ನೆಯನ್ನು ಕೇಳುವುದೋ ಅದಕ್ಕೆ ತಕ್ಕ ಹೆಸರನ್ನು ಪ್ರಜೆಯು ಹುಡುಕಿಕೊಳ್ಳುವನು.

ಮೊಗಲಾಯಿಯಲ್ಲಿ ಅಡ್ಡಹೆಸರುಗಳೇ ಇರಲಿಲ್ಲವೆಂದು ಇದರ ಅರ್ಥವಲ್ಲ. ಊರಿನ ಕಂದಾಯ ನೋಡುವವನು ಮಾಲಿಪಾಟೀಲನಾಗಿಯೂ, ಬಂದೋಬಸ್ತು ನೋಡುವವನು ಪೊಲೀಸಪಾಟೀಲನಾಗಿಯೂ ಹೆಸರು ಪಡೆದನು. 1961ರ ಕಾನೂನು ಗ್ರ್ರಾಮಾಧಿಕಾರಗಳನ್ನು ರದ್ದುಗೊಳಿಸಿತು. ಹೆಸರುಗಳನ್ನು ರದ್ದುಗೊಳಿಸಲು ಅದರಿಂದಾಗಲಿಲ್ಲ. ಉಳಿದವರಿಗೆ ಊರೇ ಅಡ್ಡಹೆಸರಾಯಿತು. ಸಿಂಧನೂರಿನ ರಾಜಕಾರಣದ ಹಂಪನಗೌಡ ಬಾದರ್ಲಿ, ಮಸ್ಕಿಯ ಬಸನಗೌಡ ತುರ್ವಿಹಾಳ, ಲಿಂಗಸುಗೂರು ಸೀಮೆಯ ಅಮರೇಗೌಡ ಬಯ್ಯಾಪುರ ಇವರ ಹೆಸರುಗಳನ್ನು ನೋಡಿದರೆ ಈ ಮಾತು ಸ್ಪಷ್ಟವಾಗುವುದು. ಊರಿನಲ್ಲಿದ್ದಾಗ ಊರಿನ ಹೆಸರಿನಿಂದ ಪ್ರಯೋಜನವಿಲ್ಲ. ಗೊರೇಬಾಳದೊಳಗೆ ಎಲ್ಲರೂ ಗೊರೇಬಾಳದವರೇ. ಅಗಸೆ ದಾಟಿ ಸಿಂಧನೂರಿಗೋ ರಾಯಚೂರಿಗೋ ಹೋದಾಗ ಮಾತ್ರ ಒಬ್ಬನು ಗೊರೇಬಾಳನಾಗುವನು. ‘ನವರ’ವು ಊರಿನೊಳಗೆ ಹುಟ್ಟುವ ಹೆಸರು, ಊರ ಹೆಸರು ಊರಿನ ಹೊರಗೆ ಹುಟ್ಟುವ ಹೆಸರು.

ಆದರೆ ಇಲ್ಲಿಯೂ ವಂಶಾವಳಿಕಾರರಿಗೆ ಅದೇ ಎಚ್ಚರಿಕೆಯನ್ನು ಹೇಳಬೇಕಾಗಿದೆ. ಗೊರೇಬಾಳ ಎಂದೊಡನೆ ‘ಸಿಂಧನೂರಿನ ಕಡೆಯದೋ, ಲಿಂಗಸುಗೂರಿನ ಕಡೆಯದೋ, ಮಸ್ಕಿಯ ಕಡೆಯದೋ’ ಎಂಬ ಮರುಪ್ರಶ್ನೆ ಈ ಸೀಮೆಯಲ್ಲಿ ಬಾರದಿರದು. ಊರಿನ ಹೆಸರೇ ಒಂದಕ್ಕಿಂತ ಹೆಚ್ಚು ಕಡೆ ಕೇಳಿಬರುವಾಗ ಅದನ್ನು ಹೊತ್ತ ಇಬ್ಬರು ಒಂದೇ ಊರಿನವರೆಂದಾಗಲಿ, ಒಂದೇ ಮನೆಯವರೆಂದಾಗಲಿ ಹೇಳುವುದು ಹೇಗೆ? ಶಿವಣ್ಣಂದಿರು ಹಲವರಿದ್ದಂತೆ ಗೊರೇಬಾಳಗಳೂ ಹಲವು.

೪

ಸಾಹಿತ್ಯದ ದೃಷ್ಟಿಯಿಂದ ನೋಡಿದರೆ ‘ನವರ’ಕ್ಕೆ ಆದ ದೊಡ್ಡ ಅನ್ಯಾಯವು ಅದರ ಸ್ಥಾನದ್ದು. ಕನ್ನಡದಲ್ಲಿ ಷಷ್ಠಿಯು ಮುಂದೆ ಬರುವ ನಾಮಪದವನ್ನು ಅಪೇಕ್ಷಿಸುತ್ತದೆ. ಹಳ್ಳಿಯಲ್ಲಿ ‘ಶಿವಣ್ಣನವರ ಬಸಪ್ಪ’ ಎನ್ನುವರು. ಇದು ನಿರ್ದುಷ್ಟವಾದ ಕನ್ನಡ. ಮುಂಬಯಿಯ ಕ್ರಮಕ್ಕೆ ಒಳಪಟ್ಟು ‘ಬಸಪ್ಪ ಶಿವಣ್ಣನವರ’ ಎಂದು ಬರೆದಾಗ ಷಷ್ಠಿಯು ಆಧಾರವಿಲ್ಲದೆ ಗಾಳಿಯಲ್ಲಿ ತೂಗಾಡುವುದು. ‘ಶಿವಣ್ಣನವರ’ ಏನು, ಎಂಬ ಪ್ರಶ್ನೆ ಕೇಳುವವನ ಕಿವಿಯಲ್ಲಿ ಉಳಿಯುವುದು. ಸಂಗೊಳ್ಳಿ ರಾಯಣ್ಣ, ಆಲೂರು ವೆಂಕಟರಾಯ, ಬೆಟಗೇರಿ ಕೃಷ್ಣಶರ್ಮ ಇವರ ಹೆಸರುಗಳಲ್ಲಿ ಹಳೆಯ ಕ್ರಮ ಉಳಿದಿದೆ. ಕೊಡಗರೂ ಅದನ್ನು ಉಳಿಸಿಕೊಂಡರು. ಭಾರತದ ಭೂಸೇನೆಗೆ ದಂಡನಾಯಕರಾದ ಕಾರಿಯಪ್ಪ, ತಿಮ್ಮಯ್ಯ ಇಬ್ಬರ ಹೆಸರುಗಳೂ ‘ಕೊಡಂದೇರ’ ಎಂದೇ ಆರಂಭವಾಗುವುವು.

ಆಧುನಿಕ ಕನ್ನಡದ ಇಬ್ಬರು ಮಹಾಕವಿಗಳ ಹೆಸರುಗಳನ್ನು ಅಕ್ಕಪಕ್ಕದಲ್ಲಿಟ್ಟರೆ ಎರಡು ಸೀಮೆಗಳ ಭೇದವೆಲ್ಲ ಒಮ್ಮೆಗೇ ಕಾಣುವುದು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ: ಊರು, ತಂದೆ, ತಾನು. ದತ್ತಾತ್ರೇಯ ರಾಮಚಂದ್ರ ಬೇಂದ್ರೆ: ತಾನು, ತಂದೆ, ಮನೆತನ. ಒಬ್ಬರು ನೆಲದಿಂದ ಹೊರಟು ತಮ್ಮ ಬಳಿಗೆ ಬರುವರು. ಇನ್ನೊಬ್ಬರು ತಮ್ಮಿಂದ ಹೊರಟು ಮನೆಯನ್ನು ಸೇರುವರು. ಆದರೆ ಬೇಂದ್ರೆಯವರು ಕಾವ್ಯಕ್ಕಾಗಿ ಬೇರೊಂದು ಹೆಸರನ್ನು ಆರಿಸಿಕೊಂಡರೆಂಬುದು ಮುಖ್ಯ. ‘ಅಂಬಿಕಾತನಯದತ್ತ’ ಎಂಬುದು ತಾಯಿಯ ಹೆಸರನ್ನು ಮುಂದೆ ನಿಲ್ಲಿಸಿ ಮಗನನ್ನು ಹಿಂದೆ ನಿಲ್ಲಿಸಿದ ಹೆಸರು. ಕಚೇರಿಯ ಕಾಗದದಲ್ಲಿ ಎಡೆಯಿಲ್ಲದ ತಾಯಿಗೆ ಕಾವ್ಯವು ಎಡೆಮಾಡಿಕೊಟ್ಟಿತು. ಕ್ರಮವನ್ನೂ ಕನ್ನಡದ ಹಳೆಯ ದಾರಿಗೆ ತಂದಿತು. ಗಂಗಮ್ಮನವರ, ಚನ್ನಮ್ಮನವರ ಎಂದು ಹಳ್ಳಿಗರು ಮಾಡಿದುದನ್ನೇ ಕವಿಯು ಸಂಸ್ಕೃತದಲ್ಲಿ ಮಾಡಿದರೆಂದರೆ ಅತಿಶಯೋಕ್ತಿಯಾಗಲಾರದು.

ಹಳೆಯ ಸಾಹಿತ್ಯದಲ್ಲಿ ಅಡ್ಡಹೆಸರೆಂಬುದೇ ಇಲ್ಲ. ಪಂಪನು ತನ್ನ ವಂಶವನ್ನು ಮಾಧವ ಸೋಮಯಾಜಿಯಿಂದ ಮೊದಲುಮಾಡಿ ತಲೆಮಾರು ತಲೆಮಾರಾಗಿ ಹೇಳುವನು. ವಂಶವು ಅಲ್ಲಿ ಪ್ರತ್ಯಯವಲ್ಲ, ಕಥೆ. ಶರಣರು ತಂದೆಯ ಹೆಸರನ್ನು ಬಿಟ್ಟು ಇಷ್ಟದೈವವನ್ನು ಅಂಕಿತವಾಗಿ ಹಿಡಿದರು. ಆಯ್ದಕ್ಕಿ ಮಾರಯ್ಯನ ಅಂಕಿತದಲ್ಲಿರುವ ಅಮರೇಶ್ವರನು ಲಿಂಗಸುಗೂರು ಸೀಮೆಯ ದೈವ. ಆ ದೈವದ ಹೆಸರನ್ನು ಹೊತ್ತ ಅಮರೇಶ, ಅಮರಪ್ಪ, ಅಮರಮ್ಮಂದಿರು ಈ ಭಾಗದ ಊರೂರಿನಲ್ಲಿ ಇಂದಿಗೂ ಇದ್ದಾರೆ. ಮಾನವಿಯ ಜಗನ್ನಾಥದಾಸರು ‘ಜಗನ್ನಾಥವಿಠಲ’ ಎಂಬ ಅಂಕಿತದಿಂದ ಹಾಡಿದರು. ರಾಯಚೂರಿನ ಸಾಹಿತ್ಯ ಪರಂಪರೆಯು ಹೀಗೆ ಪಿತೃನಾಮಕ್ಕಿಂತ ದೈವನಾಮವನ್ನು ದೊಡ್ಡದು ಮಾಡಿದುದಾಗಿದೆ. ಅಡ್ಡಹೆಸರು ಇಲ್ಲಿ ಗಟ್ಟಿಯಾಗದಿದ್ದುದು ಕೊರತೆಯಲ್ಲ. ಅದು ಬೇರೊಂದು ಹದ.

೫

ಈ ಹದವು ಇಂದು ಪರೀಕ್ಷೆಗೆ ಒಳಗಾಗಿದೆ. 1953ರಲ್ಲಿ ತುಂಗಭದ್ರೆಯ ನೀರು ಎಡದಂಡೆಯ ಕಾಲುವೆಯಲ್ಲಿ ಹರಿಯಲಾರಂಭಿಸಿದ ಮೇಲೆ ಆಂಧ್ರದ ಒಕ್ಕಲಿಗರು ಸಿಂಧನೂರು ಸೀಮೆಗೆ ಬಂದು ಕ್ಯಾಂಪುಗಳನ್ನು ಕಟ್ಟಿ ಭತ್ತ ಬೆಳೆದರು. ಅವರ ‘ಇಂಟಿಪೇರು’ ಎಂಬ ಮನೆಯ ಹೆಸರು ಮೊದಲು ಬಂದು, ಸ್ವಂತ ಹೆಸರು ಆಮೇಲೆ ಬರುವುದು. ಪೂರ್ವ ಬಂಗಾಲದಿಂದ ಬಂದ ನಿರಾಶ್ರಿತರಿಗೆ ಅದೇ ತಾಲೂಕಿನಲ್ಲಿ ಪುನರ್ವಸತಿಯ ಕ್ಯಾಂಪುಗಳಾದವು. ಮಂಡಲ, ಬಿಶ್ವಾಸ ಮುಂತಾದ ಅವರ ಕುಲನಾಮಗಳು ಕೊನೆಗೆ ಬರುವುವು. ಇವರ ನಡುವೆ ‘ತಂದೆ ಇಂಥವನು’ ಎಂದಷ್ಟೇ ಹೇಳಬಲ್ಲ ಕನ್ನಡದ ಹುಡುಗನು ಕುಳಿತಿರುವನು. ಒಂದೇ ಶಾಲೆಯ ಹಾಜರಿ ಪುಸ್ತಕದಲ್ಲಿ ಮೂರು ನಾಮಪದ್ಧತಿಗಳು ಸಾಲುಗಟ್ಟಿ ನಿಲ್ಲುವ ಇಂಥ ತಾಲೂಕು ಕರ್ನಾಟಕದಲ್ಲಿ ವಿರಳ. ಪಾಸ್‌ಪೋರ್ಟಿನ ಅರ್ಜಿಯೋ, ಗಣಕಯಂತ್ರದ ನಮೂನೆಯೋ ‘ಅಡ್ಡಹೆಸರು’ ಎಂಬ ಮನೆಯನ್ನು ತೋರಿಸಿದಾಗ ಮೊದಲಿನಿಬ್ಬರಿಗೆ ತೊಡಕಿಲ್ಲ, ತೊಡಕು ಮೂರನೆಯವನಿಗೆ. ಅವನು ಒಮ್ಮೆ ತಂದೆಯ ಹೆಸರನ್ನು, ಒಮ್ಮೆ ಊರನ್ನು ಬರೆದು, ಎರಡು ಕಾಗದಗಳಲ್ಲಿ ಇಬ್ಬರು ಮನುಷ್ಯರಾಗಿ ಕಚೇರಿಯಿಂದ ಕಚೇರಿಗೆ ಅಲೆಯುವನು. ಮುಂಬಯಿ ಇಲಾಖೆಯ ಗುಮಾಸ್ತನು ನೂರು ವರ್ಷಗಳ ಹಿಂದೆ ಕೇಳಿದ ಪ್ರಶ್ನೆಯು ಮೊಗಲಾಯಿಯ ಹುಡುಗನಿಗೆ ಇಂದು ಬಂದಿದೆ.

‘ನವರ’ದವರಿಗೂ ಬೇರೊಂದು ತೊಂದರೆಯಿದೆ. ರೋಮನ್ ಲಿಪಿಯಲ್ಲಿ ಬರೆಯುವವರು ಕೊನೆಯ ಅಕಾರವನ್ನು ಕೈಬಿಡುವರು. ಹಿಂದಿಯ ಉಚ್ಚಾರದಲ್ಲಿ ಅದು ತಾನಾಗಿಯೇ ಲೋಪವಾಗುವುದು. ಹೀಗೆ ‘ನವರ್’ ಎಂಬ ವಿರೂಪವು ಮುಂಬಯಿ, ಪುಣೆ, ದಿಲ್ಲಿಗಳಿಂದ ಮರಳಿ ಬಂದು ಹೊಸ ತಲೆಮಾರಿನ ಬಾಯಲ್ಲಿ ನೆಲೆಯೂರುತ್ತಿದೆ. ದಕ್ಷಿಣದ ಪತ್ರಿಕೆಗಳಾದರೋ ಅಚ್ಚಿನ ತಪ್ಪೆಂದು ಭ್ರಮಿಸಿ ‘ನವರು’ ಎಂದು ತಿದ್ದುವುದುಂಟು. ಆಗ ಹೆಸರು ಹೊತ್ತವನು ಮಾಯವಾಗಿ ಅವನ ಮುತ್ತಜ್ಜನೇ ಸಭೆಯ ಅಧ್ಯಕ್ಷತೆ ವಹಿಸಿದಂತಾಗುವುದು! ಉತ್ತರದ ಪತ್ರಿಕೆಗಳು ಬರೆಯುವ ‘ಕಾಶಪ್ಪನವರ ಅವರು’ ಎಂಬುದು ಕಿವಿಗೆ ಒರಟಾಗಿ ಕೇಳಿದರೂ ಸರಿಯಾದುದು ಅದೇ. ಮೊದಲಿನ ‘ಅವರ’ ಮನೆಯದು, ಎರಡನೆಯ ‘ಅವರು’ ಎದುರಿಗಿರುವ ಮನುಷ್ಯನದು.

ಹೋದರೆ ಹೋಗಲಿ, ಒಂದು ಅಕಾರ ತಾನೆ, ಎಂದು ಕೆಲವರು ಕೇಳಬಹುದು. ಈ ಹೆಸರಿನ ಪ್ರಾಣವೆಲ್ಲ ಆ ಒಂದು ಅಕಾರದಲ್ಲಿಯೇ ಇದೆ ಎಂಬುದೇ ಅದಕ್ಕೆ ಉತ್ತರ. ಅದು ಇರುವವರೆಗೆ ಹೆಸರು ‘ಇವನು ಇಂಥವರಿಗೆ ಸೇರಿದವನು’ ಎಂದು ಹೇಳುವುದು. ಅದು ಹೋದ ದಿನ ಹೆಸರು ಏನನ್ನೂ ಹೇಳದ ಸದ್ದಾಗುವುದು. ಮಕ್ಕಳ ಹೆಸರನ್ನು ಶಾಲೆಯಲ್ಲಿ ಬರೆಸುವ ದಿನ ಆ ಅಕ್ಷರವನ್ನು ಕೇಳಿ ಬರೆಯಿಸುವುದು ತಂದೆತಾಯಿಗಳಿಗೆ ಅಸಾಧ್ಯವಾದ ಕೆಲಸವಲ್ಲ. ಗೊರೇಬಾಳದ ಕಡೆಯವರು ಅಡ್ಡಹೆಸರಿಲ್ಲವೆಂದು ನಾಚಿಕೊಂಡು ಇಲ್ಲದ ಮೂಲಪುರುಷನನ್ನು ಕಲ್ಪಿಸಿಕೊಳ್ಳಬೇಕಾದುದೂ ಇಲ್ಲ. ತಂದೆಯ ಹೆಸರನ್ನೋ ಊರ ಹೆಸರನ್ನೋ ಆರಿಸಿ, ಎಲ್ಲ ಕಾಗದಗಳಲ್ಲಿಯೂ ಒಂದನ್ನೇ ಹಿಡಿದು ನಡೆದರೆ ಸಾಕು.

ಷಷ್ಠಿಯ ಬೆಲೆಯೇನೆಂಬುದಕ್ಕೆ ಈ ಸೀಮೆಯಲ್ಲಿಯೇ ಒಂದು ಕಲ್ಲಿನ ಸಾಕ್ಷಿಯಿದೆ. ದೇವಾನಾಂಪ್ರಿಯನೆಂಬ ಬಿರುದಿನಿಂದ ದೇಶದ ತುಂಬ ಧರ್ಮಲಿಪಿಗಳನ್ನು ಕೊರೆಯಿಸಿದ ಅರಸನು ಯಾರೆಂಬುದನ್ನು ವಿದ್ವಾಂಸರು ಬಹುಕಾಲ ಬೇರೆ ಗ್ರಂಥಗಳ ಸಹಾಯದಿಂದಲೇ ಹೇಳಬೇಕಾಗಿತ್ತು. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರನು ಮಸ್ಕಿಯ ಗುಡ್ಡದಲ್ಲಿ ಕಂಡ ಶಾಸನದಲ್ಲಿ ಬಿರುದಿನೊಡನೆ ಅಶೋಕನೆಂಬ ಹೆಸರೂ ಇದ್ದಿತು. ಮುಂದೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಗಳಲ್ಲಿಯೂ ಅದು ದೊರೆಯಿತು. ಮಸ್ಕಿಯ ಕಲ್ಲಿನಲ್ಲಿ ಆ ಹೆಸರು ಇರುವುದು ಪ್ರಾಕೃತದ ಷಷ್ಠೀ ವಿಭಕ್ತಿಯಲ್ಲಿ: ‘ಅಶೋಕನ’ ಮಾತು ಎಂಬರ್ಥದಲ್ಲಿ. ಕಲ್ಲು ಕೊರೆದವನು ಆ ಒಂದು ಅಕ್ಷರವನ್ನು ಬಿಡಲಿಲ್ಲ.